ಕಾನೂನು ಹೇಳಿದ ಶೇ 25 ಎಲ್ಲಿ ಹೋಯಿತು?

ನಮಸ್ಕಾರ, ತುಮಕೂರಿನಿಂದ ಮಾತನಾಡುತ್ತಿದ್ದೇನೆ. ಇವತ್ತು ತೆಂಗು ಬೆಳೆಗಾರರ ವಿಷಯ ಇಟ್ಟುಕೊಂಡಿದ್ದೆ, ಅದು ಮುಂದಿನ ವಾರಕ್ಕೆ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: ‘ಅಂಗವಿಕಲರಿಗೆ ಪಿಂಚಣಿ ಬರುತ್ತದೆ, ಮನೆಗೆ ಗೃಹಲಕ್ಷ್ಮಿ ಬರುತ್ತದೆ, ಬಸ್ಸೂ ಉಚಿತ. ಇನ್ನೂ ಎಷ್ಟು ಕೊಡಬೇಕು?’

ಎಷ್ಟು ಎಂದು ಕೇಳಿದಿರಲ್ಲ, ಬರೆದುಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 24ನೇ ಕಲಂ. ಇತರರಿಗೆ ಇರುವಂಥದ್ದೇ ಯೋಜನೆಯಲ್ಲಿ ವಿಕಲಚೇತನರಿಗೆ ಸಿಗುವ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ನಮ್ಮ ರಾಜ್ಯದಲ್ಲಿ ಹಿರಿಯರಿಗೆ ಕೊಡುವ ಪಿಂಚಣಿ, ಅಂದರೆ ಸಂಧ್ಯಾ ಸುರಕ್ಷಾ ಹಣ, ತಿಂಗಳಿಗೆ 1,200 ರೂಪಾಯಿ. ಅದರ ಮೇಲೆ ಶೇ 25 ಹಾಕಿದರೆ 1,500. ಶೇ 40ರಿಂದ 75ರವರೆಗೆ ವೈಕಲ್ಯ ಇರುವವರ ಕೈಗೆ ಬರುವುದು 800! ಶೇ 75 ದಾಟಿದವರಿಗೆ 1,400. ತೀವ್ರ ಬುದ್ಧಿಮಾಂದ್ಯರಿಗೆ ಕೊಡುವ 2,000 ಒಂದನ್ನು ಬಿಟ್ಟರೆ, ಎದ್ದು ಕೂರಲಾರದವರಿಗೂ ಕಾನೂನಿನ ಮೊತ್ತ ಮುಟ್ಟಿಲ್ಲ. ಹಿರಿಯರ ಹಣ ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ, ಯಾರೂ ಆ ಜಗಳ ತೆಗೆಯಬೇಡಿ. ಶೇ 25 ಹೆಚ್ಚು ಎಲ್ಲಿ ಎಂದಷ್ಟೇ ಕೇಳುತ್ತಿದ್ದೇನೆ.

ಗೃಹಲಕ್ಷ್ಮಿ ಮನೆಯ ಯಜಮಾನಿಯ ಹಣ. ಶಕ್ತಿ ಯೋಜನೆಯ ಬಸ್ಸು ಹೆಂಗಸರಿಗೆ. ಊರುಗೋಲು ಹಿಡಿದ ಗಂಡಸು ಅದರಲ್ಲಿ ಉಚಿತವಾಗಿ ಹತ್ತುವಂತಿಲ್ಲ ಸ್ವಾಮಿ, ಇಷ್ಟಾದರೂ ತಿಳಿದುಕೊಂಡು ಬರೆಯಿರಿ.

ಕಾಯ್ದೆ ಓದಿದ ಬುದ್ಧಿವಂತರು ಇನ್ನೊಂದು ಮಾತು ತರುತ್ತಾರೆ. ‘ಸರ್ಕಾರದ ಆರ್ಥಿಕ ಮಿತಿಯೊಳಗೆ’ ಎಂದು ಅದೇ ಕಲಮಿನಲ್ಲಿದೆಯಂತೆ. ಇದೆ. ಅದು ಯೋಜನೆ ರೂಪಿಸುವ ಮಾತು. ರೂಪಿಸಿ ಕೊಡಲು ಶುರು ಮಾಡಿದ ಮೇಲೆ ಶೇ 25 ಹೆಚ್ಚು ಕೊಡಲೇಬೇಕು. ಮೊದಲ ಸಾಲು ಓದಿ ಪುಸ್ತಕ ಮುಚ್ಚಿದರೆ ಹೇಗೆ?

ಈಗ ಪಾವಗಡಕ್ಕೆ ಬನ್ನಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅಲ್ಲಿಯ ಎಷ್ಟೋ ಕೊಳವೆಬಾವಿಗಳು ಆ ಮಿತಿಯನ್ನು ಎಂದೋ ದಾಟಿವೆ. ವರ್ಷಗಟ್ಟಲೆ ಅದನ್ನೇ ಕುಡಿದವರ ಹಲ್ಲು ಕಂದುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗಿ ಹಾಗೆಯೇ ನಿಂತುಬಿಡುತ್ತದೆ. ಅವರು ಯಾವ ತಪ್ಪು ಮಾಡಿದ್ದರು? ಬಾಯಾರಿದಾಗ ನೀರು ಕುಡಿದರು. ಅಂಥವರು ನೂರು ಕಿಲೋಮೀಟರ್ ಆಚೆಯ ಜಿಲ್ಲಾ ಕೇಂದ್ರಕ್ಕೆ ಬಂದು ವೈದ್ಯಕೀಯ ಮಂಡಳಿಯ ಮುಂದೆ ನಿಂತರೆ, ಶೇ 38 ಎಂದು ಬರೆದ ದಿನ ಕೈಗೆ ಬರುವುದು ಸೊನ್ನೆ. ಶೇ 40 ಎಂದು ಬರೆದರೆ 800. 2,050 ಮೆಗಾವಾಟ್ ಸೌರ ವಿದ್ಯುತ್ ಕೊಡುವ ತಾಲ್ಲೂಕಿನ ಬಾಗಿದ ಬೆನ್ನಿಗೆ ತಿಂಗಳಿಗೆ 800! ಕಾನೂನಿನ ಪ್ರಕಾರ 1,500. ಪ್ರತಿ ತಿಂಗಳೂ 700 ಕಡಿಮೆ, ವರ್ಷಕ್ಕೆ 8,400.

ಕೇಂದ್ರದವರು ಸುಮ್ಮನೆ ನಗಬೇಡಿ. ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿಯಲ್ಲಿ ನಿಮ್ಮ ಪಾಲು 300 ರೂಪಾಯಿ. ಅದೂ ಶೇ 80 ವೈಕಲ್ಯ ಇರಬೇಕು, ಬಡತನ ರೇಖೆಯ ಕೆಳಗಿರಬೇಕು. 2012ರಲ್ಲಿ 300 ಆದದ್ದು ಅಲ್ಲಿಂದ ಒಂದು ರೂಪಾಯಿ ಮೇಲೇರಿಲ್ಲ. ಅಕ್ಕಿ ಏರಿತು, ಗ್ಯಾಸ್ ಏರಿತು, ಸಂಸದರ ಸಂಬಳ ಏರಿತು. ಇದು ಮಾತ್ರ ಏರಲಿಲ್ಲ.

‘ಹಣ ಎಲ್ಲಿಂದ ತರುವುದು?’ ಎಂದು ಕೆಳಗೆ ಈಗಲೇ ಟೈಪ್ ಮಾಡುತ್ತಿದ್ದೀರಿ, ನನಗೆ ಗೊತ್ತು. ಶಾಸಕರ ಭತ್ಯೆ ಏರಿಸುವಾಗ ಈ ಪ್ರಶ್ನೆ ಕೇಳಿದ್ದಿರಾ? ಇಲ್ಲವಲ್ಲ! 1,200ಕ್ಕೆ ಶೇ 25 ಸೇರಿಸಿ. ಐದನೆಯ ತರಗತಿಯ ಮಗು ಮಾಡುವ ಲೆಕ್ಕ. ವಿಧಾನಸೌಧದಲ್ಲಿ ಅದನ್ನು ಮಾಡಲು ಒಬ್ಬರೂ ಇಲ್ಲವೇ? 1,500 ಕೊಡಿ. ಆಮೇಲೆ ಉಳಿದದ್ದು ಮಾತಾಡೋಣ.

ಚಾನೆಲ್‌ಗೆ ಚಂದಾದಾರರಾಗಿ, ಗಂಟೆಯ ಗುರುತು ಒತ್ತಿ, ಇದನ್ನು ನಿಮ್ಮ ಶಾಸಕರ ವಾಟ್ಸ್‌ಆ್ಯಪ್‌ಗೆ ಕಳುಹಿಸಿ. ಇನ್ನೊಂದು ಕೆಲಸ: ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5 ವಿಕಲಚೇತನರಿಗೆ ಖರ್ಚು ಮಾಡಬೇಕು. ಹೋದ ವರ್ಷ ನಿಮ್ಮೂರಲ್ಲಿ ಎಷ್ಟು ಮಾಡಿದರು ಎಂದು ಪಿಡಿಒ ಬಳಿ ಬರವಣಿಗೆಯಲ್ಲಿ ಕೇಳಿ, ಸಿಕ್ಕ ಉತ್ತರವನ್ನು ನನಗೆ ಕಳುಹಿಸಿ. ಪಾವಗಡ, ಮಧುಗಿರಿ, ಶಿರಾದವರು ಮೊದಲು ಕಳುಹಿಸಿ, ಒಂದೊಂದನ್ನೂ ಇಲ್ಲಿ ಓದುತ್ತೇನೆ.