ಕೋಡ್ ಓದಿದ ಮೇಲಿನ ಕೆಲಸ

ಕೇಳುಗರಿಗೆ ನಮಸ್ಕಾರ.

ಲಾರಿ ಓಡಿಸುವವರು, ಲಾರಿ ಇಟ್ಟುಕೊಂಡವರು, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು, ಎಲ್ಲರಿಗೂ ಇವತ್ತು ನಾಲ್ಕು ಮಾತು ಹೇಳಬೇಕು. ದಾವಣಗೆರೆಯ ಪಿ.ಬಿ. ರಸ್ತೆ ಇರಲಿ, ಚಿತ್ರದುರ್ಗದ ಬೈಪಾಸ್ ಇರಲಿ, ಹಿರಿಯೂರು, ಭರಮಸಾಗರದ ರಸ್ತೆಬದಿಯ ಶೆಡ್ ಇರಲಿ, ಲಾರಿ ಬಂದು ನಿಂತ ಕೂಡಲೇ ಕೇಳುವ ಮಾತು ಒಂದೇ: "ಅಣ್ಣಾ, ಚೆಕ್ ಲೈಟ್ ಬಂದೈತಿ, ಪಿಕಪ್ ಹೋಗೈತಿ." ಯಾರೋ ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಸ್ಕ್ಯಾನರ್ ಹಾಕುತ್ತಾರೆ. ಒಂದು ಕೋಡ್ ಬರುತ್ತದೆ, ಅದರ ಮುಂದೆ ಬಿಸಿಯನ್ನೋ ಒತ್ತಡವನ್ನೋ ಅಳೆಯುವ ಒಂದು ಸೆನ್ಸರಿನ ಹೆಸರು. ಆ ಸೆನ್ಸರ್ ತರಿಸಿ ಹಾಕುತ್ತಾರೆ. ಲಾರಿ ಹೊರಡುತ್ತದೆ. ಹರಿಹರದ ಸೇತುವೆ ದಾಟುವಷ್ಟರಲ್ಲಿ ಅದೇ ಲೈಟ್ ಮತ್ತೆ ಹತ್ತುತ್ತದೆ. ಸೆನ್ಸರಿನ ದುಡ್ಡೂ ಹೋಯಿತು, ಆ ದಿನದ ಬಾಡಿಗೆಯೂ ಹೋಯಿತು. ನಮ್ಮ ಕಡೆ ಲಾರಿ ಮಾಲೀಕರಲ್ಲಿ ಬಹಳ ಮಂದಿ ಒಂದೋ ಎರಡೋ ಗಾಡಿ ಇಟ್ಟುಕೊಂಡು, ತಿಂಗಳ ಕಂತು ಕಟ್ಟಿಕೊಂಡು ಬದುಕುವವರು. ಅವರ ದುಡ್ಡು ಹೀಗೆ ಪೋಲಾಗುವುದನ್ನು ನೋಡಿ ಸುಮ್ಮನಿರಲು ನನಗೆ ಆಗುವುದಿಲ್ಲ.

ಕೋಡ್ ಬಂತು ಅಂದರೆ ರಾತ್ರಿ ಮನೆಯ ನಾಯಿ ಬೊಗಳಿದ ಹಾಗೆ. ಯಾವ ದಿಕ್ಕಿನಲ್ಲಿ ಏನೋ ಇದೆ ಎನ್ನುವುದು ಗೊತ್ತಾಗುತ್ತದೆ. ಬಂದವರು ಯಾರು ಎಂದು ತಿಳಿಯಬೇಕಾದರೆ ನಾವೇ ಲಾಟೀನು ಹಿಡಿದು ಹೊರಗೆ ಹೋಗಬೇಕು. ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಎಂಗೆ, ಕಣ್ಣಿಲ್ಲ. ಅದಕ್ಕೆ ತಿಳಿಯುವುದು ವೈರಿನಲ್ಲಿ ಬರುವ ವೋಲ್ಟೇಜು ಮಾತ್ರ. ಆ ವೋಲ್ಟೇಜು ತಪ್ಪಿದ್ದು ಸೆನ್ಸರಿನಿಂದಲೋ, ತುಂಡಾದ ವೈರಿನಿಂದಲೋ, ತುಕ್ಕು ಹಿಡಿದ ಕನೆಕ್ಟರಿನಿಂದಲೋ, ಅಥವಾ ಎಂಜಿನ್ನಿಗೇ ನಿಜವಾಗಿ ತೊಂದರೆ ಆಗಿದೆಯೋ, ಇದನ್ನು ಬೇರ್ಪಡಿಸುವುದು ಮೆಕ್ಯಾನಿಕ್‌ನ ಕೆಲಸ.

ಮೊದಲು ಲೈಟಿನ ವಿಷಯ. ಬೀಗದ ಕೈ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಮೀಟರ್ ಬೋರ್ಡಿನ ಎಚ್ಚರಿಕೆಯ ಲೈಟುಗಳೆಲ್ಲ ಒಂದು ಸಲ ಹತ್ತಬೇಕು. ಹತ್ತದೇ ಇರುವ ಲೈಟಿನ ಮೇಲೆ ಅನುಮಾನ ಇಟ್ಟುಕೊಳ್ಳಿ. ಹಳೇ ಗಾಡಿ ಕೊಳ್ಳುವಾಗ ಇದನ್ನು ಖಂಡಿತ ನೋಡಬೇಕು, ಬಲ್ಬನ್ನೇ ತೆಗೆದು ಮಾರುವವರಿದ್ದಾರೆ. ಹಳದಿ ಲೈಟ್ ಹತ್ತಿದರೆ ಸಾಮಾನ್ಯವಾಗಿ ಗಾಡಿ ನಡೆಸಬಹುದು, ಆದರೆ ಬೇಗ ತೋರಿಸಬೇಕು. ಕೆಂಪು ಹತ್ತಿದರೆ ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಆಯಿಲ್ ಪ್ರೆಶರಿನ ಕೆಂಪು ಲೈಟ್ ಬಂದಾಗ "ಮುಂದಿನ ಡಾಬಾದಲ್ಲಿ ನೋಡಿದರಾಯಿತು" ಎಂದು ಎರಡು ಕಿಲೋಮೀಟರ್ ಓಡಿಸಿದರೂ ಬೇರಿಂಗ್, ಕ್ರ್ಯಾಂಕ್ ಎಲ್ಲ ಹೋಗಬಹುದು. ಎಂಜಿನ್ ಕಾದ ಲೈಟಿನ ವಿಷಯದಲ್ಲಿ ಡ್ರೈವರುಗಳು ಇನ್ನೊಂದನ್ನು ನೆನಪಿಡಬೇಕು. ಮೇಲೇರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಎಂಜಿನ್ ತಣ್ಣಗಾಯಿತು ಎಂದುಕೊಳ್ಳಬೇಡಿ. ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು, ಪೂರ್ತಿ ಸೋರಿಹೋದಾಗ ಸೆನ್ಸರಿನ ತುದಿಗೆ ನೀರು ತಾಗದೆ ಅದು ಕಡಿಮೆ ಬಿಸಿ ತೋರಿಸುವುದುಂಟು. ಹಾಗೆಂದು ಬಿಸಿಯಲ್ಲೇ ರೇಡಿಯೇಟರ್ ಮುಚ್ಚಳ ಬಿಚ್ಚಲೂ ಬೇಡಿ, ಮುಖ ಬೇಯುತ್ತದೆ.

ಇನ್ನು ಕೋಡ್. ನಮ್ಮ ಲಾರಿಗಳಲ್ಲಿ ಎರಡು ರೀತಿಯವು ಕಾಣುತ್ತವೆ. ಒಂದು, ಕಾರುಗಳಲ್ಲೂ ಬರುವ ಪಿ ಅಕ್ಷರದ ಕೋಡ್. ಇನ್ನೊಂದು ಭಾರಿ ವಾಹನಗಳದ್ದು, ಜೆ1939 ಎನ್ನುವ ಪದ್ಧತಿ. ಅದರಲ್ಲಿ ಎರಡು ಸಂಖ್ಯೆ ಇರುತ್ತವೆ. ಎಸ್‌ಪಿಎನ್ ಯಾವ ವಿಷಯ ಎಂದು ಹೇಳುತ್ತದೆ: 100 ಅಂದರೆ ಆಯಿಲ್ ಪ್ರೆಶರ್, 110 ಅಂದರೆ ಕೂಲಂಟ್ ಬಿಸಿ, 157 ಅಂದರೆ ಡೀಸೆಲ್ ರೈಲಿನ, ಎಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯ, ಒತ್ತಡ. ಎಫ್‌ಎಂಐ ಏನು ತಪ್ಪಾಗಿದೆ ಎಂದು ಹೇಳುತ್ತದೆ. ನಮ್ಮ ಹುಡುಗರು ಮೊದಲ ಸಂಖ್ಯೆ ನೋಡಿ ಸೆನ್ಸರಿಗೆ ಫೋನ್ ಹಚ್ಚುತ್ತಾರೆ, ಎರಡನೆಯದನ್ನು ಓದುವುದೇ ಇಲ್ಲ. ಅಸಲು ವಿಷಯ ಇರುವುದು ಅದರಲ್ಲೇ.

110ರ ಜೊತೆ 0 ಬಂದರೆ ಎಂಜಿನ್ ನಿಜವಾಗಿಯೂ ಮಿತಿ ಮೀರಿ ಕಾದಿದೆ. ಕೂಲಂಟ್, ಬೆಲ್ಟ್, ಫ್ಯಾನ್, ಥರ್ಮೋಸ್ಟಾಟ್ ಕಡೆ ಹೋಗಿ. ಅದೇ 110ರ ಜೊತೆ 3 ಬಂದರೆ ವೋಲ್ಟೇಜು ಹೆಚ್ಚು, 4 ಬಂದರೆ ವೋಲ್ಟೇಜು ಕಡಿಮೆ. ಇವು ಸೆನ್ಸರ್, ವೈರಿಂಗ್ ಕಡೆಯ ಮಾತು, ಎಂಜಿನ್ ತಣ್ಣಗೇ ಇರಬಹುದು. ಪಿ ಕೋಡ್ ತೋರಿಸುವ ಗಾಡಿಯಲ್ಲಿ ಇವೇ ಪಿ0118 ಮತ್ತು ಪಿ0117 ಎಂದು ಬರುತ್ತವೆ.

ಇಲ್ಲಿ ಒಂದು ಪರೀಕ್ಷೆ ಇದೆ, ಪೈಸೆ ಖರ್ಚಿಲ್ಲ. ಕೂಲಂಟ್ ಸೆನ್ಸರಿನದು ಎರಡೇ ವೈರು. ಕನೆಕ್ಟರ್ ಬಿಚ್ಚಿದರೆ ಇಸಿಎಂ ತಾನು ಕಳಿಸುವ 5 ವೋಲ್ಟನ್ನೇ ನೋಡುತ್ತದೆ, ವೋಲ್ಟೇಜು ಹೆಚ್ಚು ಎನ್ನುವ ಕೋಡ್ ಕೊಡುತ್ತದೆ. ಈಗ ಗಾಡಿ ಕಡೆಯ ಕನೆಕ್ಟರಿನ ಎರಡು ಪಿನ್ನಿಗೆ ಸಣ್ಣ ವೈರ್ ಸೇರಿಸಿ. ಕೋಡ್ ತಿರುಗಿ ವೋಲ್ಟೇಜು ಕಡಿಮೆ ಎಂದು ಬರಬೇಕು. ಹಾಗೆ ತಿರುಗಿದರೆ ವೈರಿಂಗ್ ಸರಿ ಇದೆ, ಇಸಿಎಂ ಸರಿ ಇದೆ, ಆಗ ಧೈರ್ಯವಾಗಿ ಸೆನ್ಸರ್ ತರಿಸಿ. ತಿರುಗದಿದ್ದರೆ ಎಷ್ಟು ಸೆನ್ಸರ್ ತಂದರೂ ಪ್ರಯೋಜನವಿಲ್ಲ, ವೈರ್ ಹುಡುಕಬೇಕು. ಒಂದು ಎಚ್ಚರಿಕೆ: ಇದು ಎರಡು ವೈರಿನ ಉಷ್ಣತೆಯ ಸೆನ್ಸರಿಗೆ ಮಾತ್ರ. ಮೂರು ವೈರಿನ ಒತ್ತಡದ ಸೆನ್ಸರಿನಲ್ಲಿ ಕಂಡ ಪಿನ್ನು ಸೇರಿಸಿದರೆ 5 ವೋಲ್ಟಿನ ಸಪ್ಲೈಯೇ ಶಾರ್ಟ್ ಆಗುತ್ತದೆ.

ಆ 5 ವೋಲ್ಟಿನ ಬಗ್ಗೆ ಇನ್ನೂ ಒಂದು ಮಾತು. ಒಂದೇ ಸಲ ಮೂರು ನಾಲ್ಕು ಸೆನ್ಸರಿನ ಕೋಡ್ ಬಂದರೆ ಅಷ್ಟೂ ಸೆನ್ಸರ್ ಒಟ್ಟಿಗೆ ಸತ್ತವು ಎಂದು ನಂಬಬೇಡಿ. ಅವೆಲ್ಲ ಒಂದೇ ಸಪ್ಲೈ, ಒಂದೇ ಅರ್ತ್ ಹಂಚಿಕೊಂಡಿರುತ್ತವೆ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಉಳಿದವನ್ನೂ ಎಳೆದು ಮಲಗಿಸುತ್ತದೆ. ಮಲ್ಟಿಮೀಟರನ್ನು 5 ವೋಲ್ಟಿನ ವೈರಿಗೆ ಹಿಡಿದು, ಒಂದೊಂದೇ ಸೆನ್ಸರ್ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ, ಕಳ್ಳ ಅಲ್ಲೇ.

ನಮ್ಮ ಭಾಗದಲ್ಲಿ ವೈರ್ ತುಂಡಾಗಲು ದೊಡ್ಡ ಕಾರಣ ಇಲಿ. ದಾವಣಗೆರೆಯ ಗೋದಾಮಿನ ಮುಂದೆ ಮೆಕ್ಕೆಜೋಳದ ಲೋಡಿಗೆ, ರೈಸ್ ಮಿಲ್ಲಿನ ಮುಂದೆ ಭತ್ತದ ಲೋಡಿಗೆ ರಾತ್ರಿಯೆಲ್ಲ ಲಾರಿ ನಿಂತಿರುತ್ತದೆ. ಬೆಚ್ಚಗಿನ ಎಂಜಿನ್ ಹತ್ತಿರ ಇಲಿ ಬಂದು ಕೂರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಲೈಟು. ಅಂಥ ಗಾಡಿ ಬಂದರೆ ಸ್ಕ್ಯಾನರ್ ಹಾಕುವ ಮುಂಚೆ ಕ್ಯಾಬಿನ್ ಎತ್ತಿ, ಟಾರ್ಚ್ ಹಿಡಿದು ವೈರಿಂಗ್ ನೋಡಿ. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಅದಿರಿನ ಟಿಪ್ಪರುಗಳ ಕಥೆ ಬೇರೆ. ಕೆಂಪು ಧೂಳು ಏರ್ ಫಿಲ್ಟರ್ ಕಟ್ಟಿಸುತ್ತದೆ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಒತ್ತಡ ಸಾಲದು ಎನ್ನುವ ಪಿ0299 ಬರುತ್ತದೆ. ಬಾಡಿ ಬಿರುಕಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚದಿದ್ದರೆ ಇಸಿಎಂಗೇ ಏಟು ಬೀಳಬಹುದು. ಬ್ಯಾಟರಿ ಬಿಚ್ಚಿ, ವೆಲ್ಡಿಂಗ್ ಅರ್ತನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ.

ಎಲ್ಲಕ್ಕಿಂತ ಹೆಚ್ಚು ದುಡ್ಡು ನುಂಗುವ ಕೋಡ್ ಯಾವುದು ಎಂದರೆ ನಾನು ಪಿ0087 ಎನ್ನುತ್ತೇನೆ. ರೈಲಿನ ಒತ್ತಡ ಸಾಲದು ಎಂದು ಅದರ ಅರ್ಥ. ಹಿರಿಯೂರಿನಿಂದ ಐಮಂಗಲ ದಾಟಿ ಚಿತ್ರದುರ್ಗದ ಕಡೆಗೆ ರಸ್ತೆ ಏರುತ್ತಾ ಬರುತ್ತದೆ, ತುಂಬಿದ ಲೋಡಿನಲ್ಲಿ ಅಲ್ಲೇ ಗಾಡಿ ಎಳೆಯದೆ ಕೋಡ್ ಬೀಳುತ್ತದೆ. ಖಾಲಿ ಗಾಡಿಯಲ್ಲಿ ಏನೂ ಇರುವುದಿಲ್ಲ. ಕೂಡಲೇ "ಪಂಪ್ ಹೋಯಿತು" ಎಂದು ತೀರ್ಪು ಕೊಡುತ್ತಾರೆ. ಹೈ ಪ್ರೆಶರ್ ಪಂಪಿಗೆ ಹಿಂದಿನಿಂದ ಡೀಸೆಲ್ಲೇ ಸರಿಯಾಗಿ ಬರದಿದ್ದರೆ ಅದು ಒತ್ತಡ ಎಲ್ಲಿಂದ ತರಬೇಕು? ಟ್ಯಾಂಕಿನಿಂದ ಶುರು ಮಾಡಿ. ಟ್ಯಾಂಕಿನೊಳಗಿನ ಜಾಲರಿಗೆ ಕಸ ಕಟ್ಟಿದೆಯಾ? ಟ್ಯಾಂಕಿನ ಮುಚ್ಚಳದ ಗಾಳಿಯ ತೂತು ಮುಚ್ಚಿದೆಯಾ? ಸಕ್ಷನ್ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯಾ? ಪಾರದರ್ಶಕ ಪೈಪ್ ತುಂಡು ಹಾಕಿ ನೋಡಿದರೆ ಗುಳ್ಳೆ ಕಾಣುತ್ತದೆ. ಡೀಸೆಲ್ ಫಿಲ್ಟರ್ ಯಾವಾಗ ಬದಲಿಸಿದ್ದು? ವಾಟರ್ ಸೆಪರೇಟರಿನ ನೀರು ಇಳಿಸಿದ್ದಾರಾ? ಇಷ್ಟು ಸರಿ ಇದ್ದರೆ ಇಂಜೆಕ್ಟರುಗಳ ರಿಟರ್ನ್ ಪೈಪ್ ಬೇರೆ ಬೇರೆ ಬಾಟಲಿಗೆ ಬಿಟ್ಟು ಅಳೆಯಿರಿ, ಒಂದು ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಸೋರುತ್ತಿದೆ. ಆಮೇಲೆ ಪ್ರೆಶರ್ ಕಂಟ್ರೋಲ್ ವಾಲ್ವ್. ಪಂಪಿನ ಸರದಿ ಕೊನೆಗೆ. ಎಂಜಿನ್ ಓಡುವಾಗ ಹೈ ಪ್ರೆಶರ್ ಪೈಪಿನ ಸೋರಿಕೆಯನ್ನು ಯಾರೂ ಕೈಯಿಂದ ಮುಟ್ಟಿ ನೋಡಬಾರದು. ಒಳಗೆ ಸಾವಿರ ಬಾರ್ ಮೀರಿದ ಒತ್ತಡ ಇರಬಹುದು. ಕೂದಲೆಳೆಯಷ್ಟು ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಬೆರಳು ಕಳೆದುಕೊಳ್ಳುವ ಪರಿಸ್ಥಿತಿ ಬರುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಸ್ಕ್ಯಾನರಿನಲ್ಲಿ ಕೋಡಿಗಿಂತ ಲೈವ್ ಡೇಟಾ, ಅಂದರೆ ಸೆನ್ಸರುಗಳು ಆ ಕ್ಷಣ ಕೊಡುತ್ತಿರುವ ಅಳತೆ, ನನಗೆ ಹೆಚ್ಚು ಮುಖ್ಯ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡದೆ, ಬೀಗದ ಕೈ ಮಾತ್ರ ತಿರುಗಿಸಿ ನೋಡಿ. ಕೂಲಂಟ್, ಡೀಸೆಲ್, ಒಳಹೋಗುವ ಗಾಳಿ, ಎಲ್ಲದರ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ದೂರ ನಿಂತಿದ್ದರೆ ಸುಳ್ಳು ಹೇಳುತ್ತಿರುವುದು ಅದೇ. ಆಯಿಲ್ ಪ್ರೆಶರ್ ಸೊನ್ನೆ ಇರಬೇಕು. ಟರ್ಬೋ ಒತ್ತಡದ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರದ ದಂಡೆಯಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್, ನಮ್ಮ ದಾವಣಗೆರೆ, ದುರ್ಗದ ಎತ್ತರಕ್ಕೆ 93, 94ರ ಆಸುಪಾಸು.

ಈಗ ಯೂರಿಯಾ. 2020ರ ಏಪ್ರಿಲ್‌ನಲ್ಲಿ ಹೊಗೆಯ ನಿಯಮ ಬಿಎಸ್ 6 ಬಂದ ಮೇಲಿನ ಬಹುತೇಕ ಲಾರಿಗಳಲ್ಲಿ ಡೀಸೆಲ್ ಜೊತೆ ಇನ್ನೊಂದು ಟ್ಯಾಂಕ್ ಇರುತ್ತದೆ. ಅದಕ್ಕೆ ಹಾಕುವುದು ಶುದ್ಧೀಕರಿಸಿದ ನೀರಿನಲ್ಲಿ 32.5 ಶೇಕಡ ಶುದ್ಧ ಯೂರಿಯಾ ಇರುವ ದ್ರವ. ರೈತರು ಹೊಲಕ್ಕೆ ಹಾಕುವ ಯೂರಿಯಾವನ್ನು ಬಕೆಟ್ಟಿನಲ್ಲಿ ಕರಗಿಸಿ ಸುರಿದರೆ ಏನಾಗುತ್ತದೆ ಎಂದು ಕೇಳುವವರು ನಮ್ಮಲ್ಲಿ ಬಹಳ ಜನ. 2015ರಿಂದ ಹೊಲದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯವಾಗಿದೆ. ಆ ಎಣ್ಣೆ, ಬೋರ್‌ವೆಲ್ ನೀರಿನ ಉಪ್ಪು ಎರಡೂ ಸೇರಿ ಆ ದ್ರವವನ್ನು ಹೊಗೆಗೆ ಸಿಂಪಡಿಸುವ ನಳಿಕೆಯನ್ನು ಕಟ್ಟಿಸಿ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಸ್ಟನ್ನು ಕೆಡಿಸುತ್ತವೆ. ಸಬ್ಸಿಡಿ ಗೊಬ್ಬರವನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ. ಮುಂಗಾರಿನಲ್ಲಿ ರೈತ ಸೊಸೈಟಿ ಮುಂದೆ ಸಾಲು ನಿಂತು ತರುವ ಚೀಲ ಅದು, ಲಾರಿ ಟ್ಯಾಂಕಿಗೆ ಸುರಿಯುವುದಕ್ಕಲ್ಲ.

ಒಳ್ಳೆಯ ದ್ರವವೂ ಬಿಸಿಲಲ್ಲಿ ಕೆಡುತ್ತದೆ. 25 ಡಿಗ್ರಿಯೊಳಗೆ ಇಟ್ಟರೆ 18 ತಿಂಗಳು ಬಾಳುವುದು, 35 ಡಿಗ್ರಿಯಲ್ಲಿ 6 ತಿಂಗಳಷ್ಟೇ. ಏಪ್ರಿಲ್ ತಿಂಗಳ ಚಳ್ಳಕೆರೆ ಬಿಸಿಲಲ್ಲಿ ಕ್ಯಾನನ್ನು ಕ್ಯಾಬಿನ್ ಮೇಲೆ ಕಟ್ಟಿಕೊಂಡು ತಿರುಗಬೇಡಿ. ಪಿ20ಇಇ, ಅಂದರೆ ಹೊಗೆ ಶುದ್ಧಿಯ ಸಾಮರ್ಥ್ಯ ಕುಗ್ಗಿದೆ ಎನ್ನುವ ಕೋಡ್ ಬಂದಾಗ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ದುಬಾರಿ ನಾಕ್ಸ್ ಸೆನ್ಸರಿಗೆ ಕೈ ಹಾಕುವ ಮುಂಚೆ, ದ್ರವದಲ್ಲಿ ಯೂರಿಯಾ ಎಷ್ಟಿದೆ ಎಂದು ತೋರಿಸುವ ರಿಫ್ರ್ಯಾಕ್ಟೋಮೀಟರಿಗೆ ಒಂದು ಹನಿ ಬಿಟ್ಟು 32.5 ಇದೆಯಾ ನೋಡಿ. ನಳಿಕೆಯ ತುದಿಯಲ್ಲಿ ಬಿಳೀ ಗಟ್ಟಿ ಕಟ್ಟಿದ್ದರೆ ಬಿಸಿನೀರಿಗೆ ಕರಗುತ್ತದೆ, ತಂತಿ ಹಾಕಿ ಕೆರೆಯಬೇಡಿ. ಸೈಲೆನ್ಸರ್ ಜಾಯಿಂಟ್ ಸೋರಿದರೂ ಇದೇ ಕೋಡ್ ಬರಬಹುದು.

ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅದರ ಲೈಟಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಸಿ ತುಂಬಿದಾಗ ಎಂಜಿನ್ ಅದನ್ನು 600 ಡಿಗ್ರಿ ಹತ್ತಿರದ ಬಿಸಿಯಲ್ಲಿ ಸುಡುತ್ತದೆ. ಹೆದ್ದಾರಿಯಲ್ಲಿ ಲೋಡಿನಲ್ಲಿ ಓಡುವ ಗಾಡಿಗೆ ಇದು ಓಡುತ್ತಲೇ ಆಗುತ್ತದೆ. ಗಣಿಯಿಂದ ರೈಲ್ವೆ ಸೈಡಿಂಗಿಗೆ ಗಿಡ್ಡ ಟ್ರಿಪ್ ಹೊಡೆಯುವ ಟಿಪ್ಪರಿಗೆ ನಿಲ್ಲಿಸಿಯೇ ಮಾಡಬೇಕಾಗುತ್ತದೆ. ಆಗ ಒಣಹುಲ್ಲಿನ ಮೇಲೆ, ರಸ್ತೆಯಲ್ಲಿ ಹರಡಿದ ರಾಗಿ ಹುಲ್ಲು, ಹುರುಳಿ ಸೊಪ್ಪೆಯ ಮೇಲೆ ಗಾಡಿ ನಿಲ್ಲಿಸಬೇಡಿ, ಬೆಂಕಿ ಹತ್ತುತ್ತದೆ.

ಮಾಲೀಕರಿಗೆ ಒಂದು ಬಿನ್ನಹ. ಒಬ್ಬ ಮೆಕ್ಯಾನಿಕ್ ಎರಡು ಗಂಟೆ ಮಲ್ಟಿಮೀಟರ್ ಹಿಡಿದು ಒಂದು ವೈರಿನ ತುಕ್ಕು ಹುಡುಕಿ ಸರಿ ಮಾಡಿದರೆ "ಸಾಮಾನೇನೂ ಹಾಕಿಲ್ಲವಲ್ಲ, ದುಡ್ಡು ಯಾಕೆ?" ಎಂದು ಕೇಳಬೇಡಿ. ಹುಡುಕಿದ್ದೇ ಅವನ ಕೆಲಸ. ಅದಕ್ಕೆ ಕೂಲಿ ಸಿಗದಿದ್ದರೆ ನಾಳೆ ಅವನೂ ಹುಡುಕದೆ ಸಾಮಾನು ಬದಲಿಸಲು ಶುರು ಮಾಡುತ್ತಾನೆ, ನಷ್ಟ ನಿಮಗೇ. ಡ್ರೈವರ್ ದಾರಿಯಿಂದ ಫೋನ್ ಮಾಡಿ ಲೈಟ್ ಬಂದಿದೆ ಎಂದರೆ ಅವನನ್ನು ಬೈದು "ಹೆಂಗಾದ್ರೂ ಬಾ" ಎನ್ನಬೇಡಿ. ಯಾವ ಬಣ್ಣದ ಲೈಟು, ಏರಿನಲ್ಲೋ ಇಳಿಜಾರಿನಲ್ಲೋ, ಲೋಡಿತ್ತೋ ಇಲ್ಲವೋ, ಡೀಸೆಲ್ ಎಲ್ಲಿ ಹಾಕಿಸಿದ್ದು, ಇಷ್ಟು ಕೇಳಿ ಬರೆದಿಟ್ಟುಕೊಳ್ಳಿ.

ಗ್ಯಾರೇಜಿನ ಹುಡುಗರೇ, ಸ್ಕ್ಯಾನರ್ ಹಾಕಿದ ಕೂಡಲೇ ಅಳಿಸುವ ಗುಂಡಿ ಒತ್ತಬೇಡಿ. ಯಾವ ಕೋಡ್ ಈಗಲೂ ಇದೆ, ಯಾವುದು ಹಳೆಯದು, ಎಷ್ಟು ಸಲ ಬಂದಿದೆ, ಬಂದಾಗ ಎಂಜಿನ್ ವೇಗ, ಬಿಸಿ ಎಷ್ಟಿತ್ತು, ಎಲ್ಲದರ ಫೋಟೋ ತೆಗೆದುಕೊಳ್ಳಿ. ಅಳಿಸಿದರೆ ಆ ವಿವರವೂ ಹೋಗುತ್ತದೆ. ರಿಪೇರಿ ಮುಗಿಸಿ, ಕೋಡ್ ಅಳಿಸಿ, ಕೋಡ್ ಬಿದ್ದಾಗ ಇದ್ದಂಥ ಲೋಡಿನಲ್ಲಿ, ಅಂಥದೇ ಏರಿನಲ್ಲಿ ಗಾಡಿ ಓಡಿಸಿ ನೋಡಿ. ವಾಪಸ್ ಬಂದು ಮತ್ತೆ ಸ್ಕ್ಯಾನರ್ ಹಾಕಿ. ಆಗಲೂ ಖಾಲಿ ಇದ್ದರೆ ಬೀಗದ ಕೈ ಡ್ರೈವರ್ ಕೈಗೆ ಕೊಡಿ.

ನಮಸ್ಕಾರ.