14 ಗೆದ್ದವರು ಪರವೂರಿಗೆ, 7 ಗೆದ್ದವರು ಮನೆಯಂಗಳದಲ್ಲಿ: ಎನ್‌ಎಫ್‌ಎಲ್ ಪ್ಲೇಆಫ್ ಲೆಕ್ಕ

[ಸ್ಕ್ರೀನ್ ಮೇಲೆ: ವೈಕಿಂಗ್ಸ್ 14-3, ರ‍್ಯಾಮ್ಸ್ 10-7]

ಈ ಎರಡು ಸಾಲು ನೋಡಿ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್, 2024ರ ಸೀಸನ್. ಮಿನ್ನೆಸೋಟ ವೈಕಿಂಗ್ಸ್ 17 ಮ್ಯಾಚ್‌ನಲ್ಲಿ 14 ಗೆದ್ದಿತ್ತು. ಲಾಸ್ ಏಂಜಲೀಸ್ ರ‍್ಯಾಮ್ಸ್ ಗೆದ್ದಿದ್ದು 10. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಇಬ್ಬರೂ ಎದುರಾದರು. ಹೋಮ್ ಟೀಮ್ ಯಾವುದು ಹೇಳಿ? ರ‍್ಯಾಮ್ಸ್! ಐಪಿಎಲ್ ಟೇಬಲ್ ನೋಡಿ ಬೆಳೆದ ನಮಗೆ ಇದು ಅನ್ಯಾಯ ಅನ್ನಿಸುತ್ತೆ, ಅಲ್ವಾ?

ನಮಸ್ಕಾರ. ಇವತ್ತು ಈ ಲೆಕ್ಕ ಬಿಡಿಸೋಣ.

[ಗ್ರಾಫಿಕ್: ಎರಡು ದೊಡ್ಡ ಚೌಕ, ಒಂದೊಂದರಲ್ಲಿ ನಾಲ್ಕು ಸಣ್ಣ ಚೌಕ]

ಒಟ್ಟು 32 ತಂಡ. ಎಎಫ್‌ಸಿ, ಎನ್‌ಎಫ್‌ಸಿ ಅಂತ ಎರಡು ಕಾನ್ಫರೆನ್ಸ್. ಒಂದೊಂದರಲ್ಲೂ ನಾಲ್ಕು ತಂಡಗಳ ನಾಲ್ಕು ಡಿವಿಷನ್. ಡಿವಿಷನ್ ಅಂದರೆ ಒಂದು ಓಣಿ ಅಂದುಕೊಳ್ಳಿ. ಓಣಿಯವರ ಜೊತೆ ವರ್ಷಕ್ಕೆ ಎರಡೆರಡು ಸಲ ಆಡಲೇಬೇಕು. ಪ್ರತಿ ಕಾನ್ಫರೆನ್ಸ್‌ನಿಂದ 7 ತಂಡ ಪ್ಲೇಆಫ್‌ಗೆ ಹೋಗುತ್ತವೆ. ಮೊದಲ ನಾಲ್ಕು ಸ್ಥಾನ ಓಣಿ ಗೆದ್ದವರಿಗೇ ಮೀಸಲು. ಉಳಿದ ಮೂರು ವೈಲ್ಡ್ ಕಾರ್ಡ್, ಅಂದರೆ ಓಣಿ ಗೆಲ್ಲದವರಲ್ಲಿ ಮೇಲಿರುವ ಮೂವರಿಗೆ. ಕಾನ್ಫರೆನ್ಸ್ ಪ್ಲೇಆಫ್‌ನಲ್ಲಿ ಮೇಲಿನ ಸ್ಥಾನದವರೇ ಹೋಮ್ ಟೀಮ್. ನಂಬರ್ 1 ತಂಡಕ್ಕೆ ಮಾತ್ರ ಮೊದಲ ವಾರ ರಜೆ.

ವೈಕಿಂಗ್ಸ್ ಮಾಡಿದ ತಪ್ಪು ಒಂದೇ. ಅದೇ ಓಣಿಯಲ್ಲಿ 15 ಗೆದ್ದ ಡೆಟ್ರಾಯಿಟ್ ಲಯನ್ಸ್ ಇತ್ತು! ಹಾಗಾಗಿ ವೈಕಿಂಗ್ಸ್ 5ನೇ ಸ್ಥಾನಕ್ಕೆ ಜಾರಿತು, ತನ್ನ ಓಣಿ ಗೆದ್ದು 4ನೇ ಸ್ಥಾನದಲ್ಲಿದ್ದ ರ‍್ಯಾಮ್ಸ್‌ಗೆ 27-9ರಲ್ಲಿ ಸೋತು ಮನೆಗೆ ಹೋಯಿತು.

ಇದರ ಉಲ್ಟಾ ಕಥೆಯೂ ಇದೆ. 2010ರ ಸೀಸನ್‌ನಲ್ಲಿ ಸಿಯಾಟಲ್ ಸೀಹಾಕ್ಸ್ ಗೆದ್ದಿದ್ದು 7, ಸೋತಿದ್ದು 9. ಓಣಿಯ ಉಳಿದವರು ಅದಕ್ಕಿಂತ ಮೇಲೆ ಬರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ! 11 ಗೆದ್ದಿದ್ದ ನ್ಯೂ ಆರ್ಲಿಯನ್ಸ್ ಸೇಂಟ್ಸ್, ಹಿಂದಿನ ವರ್ಷದ ಚಾಂಪಿಯನ್, ಸಿಯಾಟಲ್‌ಗೆ ಬಂದು ಆಡಬೇಕಾಯಿತು. ಸೋತೂ ಹೋಯಿತು, 41-36. ಆವತ್ತು ಸಿಯಾಟಲ್‌ನ ಮಾರ್ಶಾನ್ ಲಿಂಚ್ ಹಿಡಿಯಲು ಬಂದವರನ್ನೆಲ್ಲ ಕೊಡವಿಕೊಂಡು 67 ಗಜ ಓಡಿದ. ಜನ ಕುಣಿದ ರಭಸಕ್ಕೆ ಹತ್ತಿರದ ಭೂಕಂಪ ಮಾಪಕದಲ್ಲಿ ಗೆರೆ ಮೂಡಿತ್ತು.

ಇಬ್ಬರ ಗೆಲುವು ಸಮ ಆದರೆ? ನೆಟ್ ರನ್ ರೇಟ್ ಥರದ್ದು ಇಲ್ಲಿ ತುಂಬಾ ಕೆಳಗೆ ಬರುತ್ತೆ. ಮೊದಲು ಮುಖಾಮುಖಿಯಲ್ಲಿ ಗೆದ್ದವರು ಯಾರು ಅಂತ ನೋಡುತ್ತಾರೆ. ಆಮೇಲೆ ಓಣಿಯ ದಾಖಲೆ, ಕಾನ್ಫರೆನ್ಸ್ ದಾಖಲೆ, ಹೀಗೆ ಪಟ್ಟಿ ಉದ್ದ. ಕಟ್ಟಕಡೆಗೆ ನಾಣ್ಯ ಚಿಮ್ಮುವುದೂ ಇದೆ, ಸುಮ್ನೆ ಹೇಳ್ತಿಲ್ಲ. 2008ರಲ್ಲಿ 11 ಗೆದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಈ ಪಟ್ಟಿಗೇ ಸಿಕ್ಕಿ ಹೊರಗುಳಿಯಿತು. ಅದೇ ಕಾನ್ಫರೆನ್ಸ್‌ನಲ್ಲಿ ಬರೀ 8 ಗೆದ್ದರೂ ತನ್ನ ಓಣಿ ಗೆದ್ದಿದ್ದ ಚಾರ್ಜರ್ಸ್ ಒಳಗಿತ್ತು.

ಓಣಿ ಗೆದ್ದವರಿಗೇ ಮೊದಲ ನಾಲ್ಕು ಸ್ಥಾನ ಅನ್ನೋ ನಿಯಮವನ್ನು 2025ರಲ್ಲಿ ಬದಲಿಸೋಣ ಅಂತ ಪ್ರಸ್ತಾಪ ಇಟ್ಟಿದ್ದು ಯಾರು ಗೊತ್ತಾ? ಲಯನ್ಸ್! ಆಮೇಲೆ ಹಿಂದಕ್ಕೆ ತೆಗೆದುಕೊಂಡರು. ನನಗಂತೂ ಹಳೆಯ ನಿಯಮವೇ ಇಷ್ಟ. ಓಣಿ ಜಗಳಕ್ಕೆ ಬೆಲೆ ಇರಬೇಕು.

[ಗಡಿಯಾರ: 0:38]

ಈಗ 2022ರ ಜನವರಿ 9ರ ರಾತ್ರಿ, ಲಾಸ್ ವೇಗಸ್. ಸೀಸನ್‌ನ ಕಡೇ ಮ್ಯಾಚ್, ರೇಡರ್ಸ್ ಮತ್ತು ಚಾರ್ಜರ್ಸ್. ಆವತ್ತೇ ಮಧ್ಯಾಹ್ನ ಯಾರೂ ಎಣಿಸದ್ದು ನಡೆದಿತ್ತು. ಗೆದ್ದರೆ ಸಾಕು ಎಂಬ ಸ್ಥಿತಿಯಲ್ಲಿದ್ದ ಕೋಲ್ಟ್ಸ್, ಬರೀ 2 ಗೆದ್ದಿದ್ದ ಜಾಗ್ವಾರ್ಸ್‌ಗೆ ಸೋತಿತ್ತು. ಈಗ ವೇಗಸ್‌ನಲ್ಲಿ ಮ್ಯಾಚ್ ಟೈ ಆದರೆ ಇಬ್ಬರೂ ಒಳಗೆ, ಪಿಟ್ಸ್‌ಬರ್ಗ್ ಸ್ಟೀಲರ್ಸ್ ಹೊರಗೆ. ಸುಮ್ಮನೆ ನಿಂತರೂ ಸಾಕು!

ಓವರ್‌ಟೈಮ್. 32-32. ಚೆಂಡು ರೇಡರ್ಸ್ ಕೈಯಲ್ಲಿ, ಗಡಿಯಾರ ಓಡ್ತಾ ಇದೆ. 38 ಸೆಕೆಂಡ್ ಇರುವಾಗ ಚಾರ್ಜರ್ಸ್ ಕೋಚ್ ಟೈಮ್‌ಔಟ್ ಕೇಳಿ ಗಡಿಯಾರ ನಿಲ್ಲಿಸಿದರು. ಯಾಕೆ ಕೇಳಿದರು ಅಂತ ಅಭಿಮಾನಿಗಳು ಇನ್ನೂ ಜಗಳ ಆಡ್ತಾರೆ. ಮುಂದಿನ ಆಟದಲ್ಲೇ ರೇಡರ್ಸ್‌ನ ಜಾಶ್ ಜೇಕಬ್ಸ್ 10 ಗಜ ನುಗ್ಗಿದ. ಕೊನೆಗೆ ಅದೇ ತಂಡದ ಡೇನಿಯಲ್ ಕಾರ್ಲ್‌ಸನ್ 47 ಗಜದಿಂದ ಒದ್ದ. ಚೆಂಡು ಕಂಬಗಳ ನಡುವೆ ಹೋಯಿತು. 35-32.

ರೇಡರ್ಸ್ ಒಳಗೆ, ಚಾರ್ಜರ್ಸ್ ಹೊರಗೆ. ಸ್ಟೀಲರ್ಸ್ ತನ್ನ ಮ್ಯಾಚ್ ಮುಗಿಸಿ ಎಷ್ಟೋ ಹೊತ್ತಾಗಿತ್ತು. ಆ ಒಂದು ಒದೆಗೆ ಅದೂ ಪ್ಲೇಆಫ್ ಸೇರಿತು.