ಹಳೆ ಸೀರೆ, ಟೇಲರ್ ಅಂಗಡಿಯ ತುಂಡು ಬಟ್ಟೆ, ಕಾರವಾರಕ್ಕೆ ಹೊರಟ ಕುಶನ್ ಕವರ್

ನಮಸ್ಕಾರ, ಶಿರಸಿಯಿಂದ. ಮೇಜಿನ ಮೇಲೆ ಹರವಿರೋದು ಆಯಿಯ ಹಳೆ ಕಾಟನ್ ಸೀರೆಗಳು, ಅಪ್ಪನ ಪಂಚೆ, ಮತ್ತೆ ಪೇಟೆಯ ಟೇಲರ್ ಅಂಗಡಿಯಿಂದ ತಂದ ಒಂದು ಚೀಲ ತುಂಡು ಬಟ್ಟೆ. ಕಾರವಾರದ ಚಿಕ್ಕಮ್ಮನ ಮನೆಗೆ ಕುಶನ್ ಕವರ್ ಆಗಬೇಕು, ಮಳೆಗಾಲ ಹಿಡಿಯೋದರೊಳಗೆ.

ಕತ್ತರಿ ಆಮೇಲೆ. ಹಳೆ ಬಟ್ಟೆ ವಿಷಯದಲ್ಲಿ ಇದನ್ನೇ ಮಾಡ್ತೀನಿ ಅಂತ ಮೊದಲೇ ಹಠ ಹಿಡಿದು ಕೂತರೆ ಕೆಲಸ ಕೆಡುತ್ತೆ. ಯಾವ ಭಾಗಕ್ಕೆ ಎಷ್ಟು ಜೀವ ಉಳಿದಿದೆ ಅಂತ ನೋಡಿಕೊಂಡೇ ಅದು ಏನಾಗಬೇಕು ಅಂತ ತೀರ್ಮಾನಿಸಬೇಕು.

“ಬೆಳಕಿಗೆ ಹಿಡ್ದು ನೋಡು ತಂಗಿ” ಅಂತ ಆಯಿ ಹೇಳೋದು ಇದಕ್ಕೇ. ಕಿಟಕಿಗೆ ಹಿಡಿದಿದ್ದೀನಿ, ನೋಡಿ. ಕೂತು ಎದ್ದು ಸವೆದ ಜಾಗದಲ್ಲಿ ನೂಲು ತೆಳುವಾಗಿ ಬೆಳಕು ಜಾಸ್ತಿ ಬರ್ತಿದೆ. ಎರಡೂ ಕೈಯಲ್ಲಿ ಮೆಲ್ಲಗೆ ಎಳೆದೆ, ಚರ್ರ್ ಅಂತು. ಆ ಜಾಗ ಕುಶನ್‌ಗೆ ಬೇಡ. ಅದೇ ಸೀರೆಯ ಒಳಸೆರಗು ನೋಡಿ: ಸೊಂಟಕ್ಕೆ ಸಿಕ್ಕಿಸಿ ಒಳಗೇ ಇದ್ದಿದ್ದಕ್ಕೆ ಬಣ್ಣವೂ ಮಾಸಿಲ್ಲ, ನೂಲೂ ಗಟ್ಟಿ. ಫಾಲ್ ಹಚ್ಚಿದ್ದ ಅಂಚೂ ಹಾಗೇ. ಬಿಚ್ಚಿದ ಫಾಲನ್ನ ಎಸೀಬೇಡಿ, ಪರದೆ ಕಟ್ಟೋ ಪಟ್ಟಿಗೆ ಅದು ಅಳತೆ ಮಾಡಿದ ಹಾಗಿರುತ್ತೆ.

ಟೇಲರ್ ಅಂಗಡಿ ಚೀಲದಲ್ಲಿ ಎಲ್ಲ ಕಲಸಿರುತ್ತೆ. ಅನುಮಾನ ಬಂದ ತುಂಡಿನಿಂದ ಎರಡೆಳೆ ನೂಲು ತೆಗೆದು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆ ಮೇಲೆ ಸುಡ್ತೀನಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗೋ ಬೂದಿ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿ ಆಗುತ್ತೆ. ನಮ್ಮ ಕಡೆಯ ಸೆಕೆಗೆ ಬೆನ್ನಿಗೆ ತಾಗೋ ಬಟ್ಟೆ ಹತ್ತಿಯದೇ ಆಗಿರಲಿ. ಹೊಸ ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತೆ, ಹಳೆ ಸೀರೆ ಯಾವತ್ತೋ ಕುಗ್ಗಿ ಮುಗಿದಿರುತ್ತೆ. ಎರಡನ್ನೂ ಹಾಗೇ ಸೇರಿಸಿ ಹೊಲಿದರೆ ಆಮೇಲೆ ಹೊಲಿಗೆ ಪೂರ್ತಿ ಸುಕ್ಕು. ಅದಕ್ಕೇ ಹೊಸ ತುಂಡನ್ನ ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟಿದ್ದೀನಿ. ಕಂಕುಳ, ಕುತ್ತಿಗೆ ಕತ್ತರಿಸಿ ಉಳಿದ ತುಂಡುಗಳು ಓರೆಕೋರೆ ಇರ್ತವೆ. ಒಂದೆಳೆ ನೂಲು ಎಳೆದು, ಆ ಗೆರೆ ಹಿಡಿದೇ ಕತ್ತರಿಸಿ. ಓರೆಯಾಗಿ ಕತ್ತರಿಸಿದ್ದು ಹಿಗ್ಗಿ ಹಿಗ್ಗಿ ಆಕಾರ ಕೆಡುತ್ತೆ.

ಈಗ ಅಳತೆ. 16 ಇಂಚಿನ ಕುಶನ್‌ಗೆ ಮುಂಭಾಗ 17 ಇಂಚಿನ ಚೌಕ, ಸುತ್ತಲೂ ಅರ್ಧ ಇಂಚು ಹೊಲಿಗೆಗೆ. ಹಿಂಭಾಗಕ್ಕೆ ಎರಡು ತುಂಡು, ಒಂದೊಂದೂ 17ಕ್ಕೆ ಹನ್ನೊಂದೂವರೆ. ನಡುವೆ ಬರೋ ಅಂಚನ್ನ ಒಂದಿಂಚು ಮಡಚಿ ಹೊಲಿದರೆ, ಒಂದರ ಮೇಲೊಂದು 4 ಇಂಚು ಕೂರುತ್ತೆ. ಝಿಪ್ಪೂ ಬೇಡ, ಗುಂಡಿಯೂ ಬೇಡ. ಕಾರವಾರದ ಉಪ್ಪುಗಾಳಿಗೆ ಲೋಹದ ಝಿಪ್ಪು, ಹುಕ್ಕು ತುಕ್ಕು ಹಿಡಿದು, ಆ ಕಲೆ ಬಟ್ಟೆಗೆ ಇಳಿದರೆ ಏನು ಮಾಡಿದರೂ ಹೋಗೋದು ಕಷ್ಟ. ಇದಾದರೆ ಸುಮ್ಮನೆ ಕಳಚಿ ಒಗೆದು ಹಾಕಬಹುದು.

ಒಳಗೆ ಬೂರುಗದ ಹತ್ತಿ. ಹಗುರ, ತಂಪು. ಆದರೆ ಮಳೆಗಾಲದಲ್ಲಿ ಒದ್ದೆಯಾಗೋಕೆ ಬಿಡಬೇಡಿ, ಮುದ್ದೆ ಕಟ್ಟುತ್ತೆ. ಬಿಸಿಲಿದ್ದಾಗಲೇ ಚೆನ್ನಾಗಿ ಒಣಗಿಸಿ ತುಂಬಿ. ಬಟ್ಟೆ ಚೂರು ತುಂಬಿದ ದಿಂಬು ಭಾರ, ತಲೆಗೆ ಬೇಡ. ನೆಲದ ಮೇಲೆ ಕೂರೋದಕ್ಕೆ ಮಾತ್ರ ಅದಕ್ಕಿಂತ ಒಳ್ಳೇದಿಲ್ಲ.

ಸವೆದ ಭಾಗ, ಅಂಗೈಯಷ್ಟು ಚೂರು, ಇವೆಲ್ಲ ಒಂದು ಕೌದಿಗೆ, ಅಂದರೆ ಚೂರು ಬಟ್ಟೆ ಸೇರಿಸಿ ಹೊಲಿಯೋ ಹೊದಿಕೆಗೆ ಅಂತ ಎತ್ತಿಟ್ಟಿದ್ದೀನಿ. ಇದರಲ್ಲಿ ನಾನು ತಲೆಬಾಗೋದು ನಮ್ಮ ಜಿಲ್ಲೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳಿಗೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಅವರು ಹೊಲಿಯೋ ಕೌದಿ ನೋಡಿದ್ದೀರಾ? ಕೆಳಗೆ ಹಳೆ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರ್ತಾರೆ. ಚೂರಿನ ಅಂಚನ್ನ ಅಲ್ಲೇ ಒಳಗೆ ಮಡಚಿ, ಕೈಹೊಲಿಗೆಯಲ್ಲೇ ಎಲ್ಲ ಪದರವನ್ನೂ ಒಟ್ಟಿಗೆ ಹಿಡಿದು ಸಾಗ್ತಾರೆ. ಕಾಗದದ ಮೇಲೆ ನಕ್ಷೆ ಇರಲ್ಲ. ಮುಂದಿನ ತುಂಡು ಎಲ್ಲಿ ಕೂರಬೇಕು ಅನ್ನೋದು ಅವರ ಕಣ್ಣಿಗೆ ಗೊತ್ತು. ಕೊನೆಗೆ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು, ಫುಲಾ. ಸವೆದ ಸೀರೆ ಕೂಡ ಆ ಒತ್ತು ಹೊಲಿಗೆಯಲ್ಲಿ ಮತ್ತೆ ಗಟ್ಟಿಯಾಗುತ್ತೆ. ಕೌದಿ ಕೊಳ್ಳೋದಾದರೆ ಅವರ ಹತ್ತಿರವೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಎಷ್ಟೋ ದಿನದ ಕೈಕೆಲಸ ಅದು.

ಇನ್ನು ಉಳಿದಿದ್ದು ಪಂಚೆ. ಅಡುಗೆಮನೆ ಕಿಟಕಿಗೆ ಪರದೆ. ಕಿಟಕಿ ಅಗಲದ ಒಂದೂವರೆ ಪಟ್ಟು ತಗೊಂಡು, ಮೇಲ್ಗಡೆ ಎರಡಿಂಚು ಮಡಚಿ ಕಂಬಿ ತೂರೋಕೆ ಜಾಗ ಬಿಟ್ಟು ಹೊಲಿದರೆ ಆಯ್ತು. ಕೆಳಗಡೆ ಪಂಚೆಯ ಅಂಚೇ ಬರೋದರಿಂದ ಅಲ್ಲಿ ಹೊಲಿಗೆಯೇ ಬೇಡ.